ಎಡಗಡೆಯ ಎರಡು ಚಕ್ರ

ಕಾರಿನ ಚಕ್ರ ರಸ್ತೆ ಅಂಚಿನ ಕಲ್ಲಿಗೆ ಉಜ್ಜಿದರೆ ಮೊದಲು ಬಣ್ಣ ಹೋಗುತ್ತದೆ. ಆಮೇಲೆ ರಿಮ್ಮಿನ ಅಂಚು ಮುಳ್ಳು ಮುಳ್ಳಾಗಿ ಏಳುತ್ತದೆ. ಬಣ್ಣ ಹೋದದ್ದಕ್ಕೆ ಯಾರು ಬೇಕಾದರೂ ಬಣ್ಣ ಬಳಿಯಬಹುದು. ಮುಳ್ಳು ಎದ್ದದ್ದನ್ನು ಅರದಿಂದ ತೀಡಿ, ಗೀರಿನ ಹಳ್ಳಕ್ಕೆ ಪುಟ್ಟಿ ತುಂಬಿ, ಉಜ್ಜಿ, ಹಳೆಯ ಬಣ್ಣಕ್ಕೆ ಹೊಸದನ್ನು ಹೊಂದಿಸಿ, ಕಡೆಗೆ ಸುತ್ತಲೂ ತೆಳ್ಳಗೆ ಒಂದು ಕೆಂಪು ಗೆರೆ ಎಳೆಯುವುದು ಬೇರೆ ಮಾತು. ಆ ಗೆರೆ ನನ್ನ ಗಂಡನ ಕೆಲಸವಾಗಿತ್ತು. ಕೆರೆಯುವುದು, ಉಜ್ಜುವುದು, ಬಣ್ಣ ಅರೆಯುವುದು ನನ್ನದು. ಪೇಂಟರ್ ಎಂದರೆ ಅವನೇ. ನನ್ನನ್ನು ಯಾರೂ ಏನೂ ಎನ್ನುತ್ತಿರಲಿಲ್ಲ.

ಕೊಡಗು ಆಗ ಬೇರೆ ರಾಜ್ಯ. ಸರಕಾರ ಮಡಿಕೇರಿಯಲ್ಲೇ ಇತ್ತು. ನಾವು ಗೋಣಿಕೊಪ್ಪಲಿನ ಒಂದು ಮೋಟಾರು ಶೆಡ್ಡಿನಲ್ಲಿ ಕೆಲಸಕ್ಕಿದ್ದೆವು. ಶೆಡ್ಡಿನ ಹಿಂದೆ ಒಂದು ಕೋಣೆ, ಅದೇ ಮನೆ. ಆ ಮಳೆಗಾಲ ಗಂಡನ ಎರಡು ಮಣಿಕಟ್ಟೂ ಜೋತುಬಿದ್ದವು. ನೋವಿಲ್ಲ, ಊತವಿಲ್ಲ. ಮುಷ್ಟಿ ಕಟ್ಟುತ್ತಿದ್ದ, ಆದರೆ ಅಂಗೈ ಮೇಲೆ ಏಳುತ್ತಿರಲಿಲ್ಲ. ಬಣ್ಣದಲ್ಲಿರುವ ಸೀಸ ಮೈಗೆ ಹತ್ತಿದೆ, ಇನ್ನು ಬಣ್ಣದ ಹತ್ತಿರ ಹೋಗಬಾರದು ಎಂದರು ಡಾಕ್ಟರು. ಅವನು ಕೋಣೆಯಲ್ಲಿ ಕೂತುಬಿಟ್ಟ. ಶೆಡ್ಡಿಗೆ ಯಾವ ಕಾರು ಬಂತೆಂದು ಸದ್ದಿನಲ್ಲೇ ಹೇಳುತ್ತಿದ್ದ, ಎದ್ದು ನೋಡುತ್ತಿರಲಿಲ್ಲ.

ಶೆಡ್ಡಿನ ಮೇಸ್ತ್ರಿ ತಮಿಳಿನವನು, ಕೆಟ್ಟವನಲ್ಲ. ಸ್ವಲ್ಪ ದಿನ ನೋಡಿ, ಒಂದು ಬೆಳಗ್ಗೆ ಕರೆದ.

"ನೋಡಮ್ಮಾ, ಮೈಸೂರಿಂದ ಒಬ್ಬ ಪೇಂಟರ್ ಬರ್ತೀನಿ ಅಂತಾನೆ. ಬಂದ್ರೆ ಅವನಿಗೂ ರೂಮ್ ಬೇಕಲ್ಲ."

"ಅವನು ಯಾಕೆ? ನಾನು ಮಾಡ್ತೀನಿ."

"ಉಜ್ಜೋದು ಕೆರೆಯೋದು ಸರಿ. ಗೆರೆ?"

"ಗೆರೇನೂ ಎಳೀತೀನಿ."

"ಯಾವತ್ತಾದ್ರೂ ಎಳೆದಿದೀಯಾ?"

"ಇಲ್ಲ."

"ಸರಿಹೋಯ್ತು," ಎಂದು ಅವನು ಹಣೆ ತಟ್ಟಿಕೊಂಡ. ಆದರೂ ನಾಪೋಕ್ಲು ಕಡೆಯ ಒಂದು ಎಸ್ಟೇಟಿನಿಂದ ಬಂದ ಕೆಲಸ ನನಗೇ ಕೊಟ್ಟ. ಬೇರೆ ಯಾರೂ ಇರಲಿಲ್ಲ ಅನ್ನುವುದೂ ನಿಜ. "ಇದೊಂದು ಮಾಡಿ ಬಾ. ಅಲ್ಲಿಯ ಸಾಹುಕಾರರು ಒಪ್ಪಿದ್ರೆ ಮೈಸೂರಿನವನಿಗೆ ಬೇಡ ಅಂತೀನಿ. ಒಪ್ಪದೆ ಹೋದ್ರೆ ನೀನು ನಿನ್ನ ಅಣ್ಣನ ಮನೆ ನೋಡ್ಕೋಬೇಕು. ಆಮೇಲೆ ನನ್ನ ಬೈಬಾರದು."

ಅಣ್ಣನ ಮನೆ ಕುಶಾಲನಗರದ ಹತ್ತಿರ, ಹಾರಂಗಿ ಹೊಳೆಯ ಈಚೆ. ನಮ್ಮಪ್ಪ ಹಾಸನದ ಕಡೆಯಿಂದ ಬಂದು ಮಾಡಿದ ಹೊಲ. ಅತ್ತಿಗೆ ಅನ್ನ ಇಕ್ಕುವುದಿಲ್ಲ ಎನ್ನುವವಳಲ್ಲ. ಇಕ್ಕುತ್ತಾಳೆ, ಇಕ್ಕಿದ್ದನ್ನು ಊರಿಗೆಲ್ಲ ಹೇಳುತ್ತಾಳೆ. ಕೈ ಜೋತ ಗಂಡನನ್ನು ಅವಳ ಜಗಲಿಯಲ್ಲಿ ಕೂರಿಸುವ ಮನಸ್ಸು ನನಗಿರಲಿಲ್ಲ.

ಗಂಡನಿಗೆ ಊಟ ಉಣಿಸಲು ಮೇಸ್ತ್ರಿಯ ಹೆಂಡತಿಗೆ ಹೇಳಿ, ಚೀಲ ಕಟ್ಟಿದೆ. ಅರ, ಕೆರೆಯುವ ಕತ್ತಿ, ಉಪ್ಪುಕಾಗದ, ಪುಟ್ಟಿ, ಬಣ್ಣದ ಡಬ್ಬಿಗಳು, ಬ್ರಷ್ಷುಗಳು. ಗೆರೆ ಎಳೆಯುವ ಬ್ರಷ್ಷು ಗಂಡನೇ ಮಾಡಿಕೊಂಡದ್ದು, ಬಿದಿರಿನ ಹಿಡಿಗೆ ಅಳಿಲಿನ ಬಾಲದ ಕೂದಲು ದಾರದಿಂದ ಬಿಗಿದದ್ದು. ಅದನ್ನು ಚೀಲಕ್ಕೆ ಹಾಕುವಾಗ ಅವನು ನೋಡಿದ. ಆಮೇಲೆ ಗೋಡೆಗೆ ಒರಗಿಕೊಂಡ.

ವೀರಾಜಪೇಟೆಯಲ್ಲಿ ಬಸ್ಸು ಬದಲಿಸಿ ಹೋದೆ. ಎಸ್ಟೇಟಿನ ಸಾಹುಕಾರರು ಕೊಡವರು, ದೊಡ್ಡ ಆಳು, ದೊಡ್ಡ ದನಿ. ಅಂಗಳದಲ್ಲಿ ನಿಂತಿದ್ದರು. ನನ್ನ ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಎಂದು ನೋಡಿದರು.

"ಪೇಂಟರ್ ಎಲ್ಲಿ?"

"ನಾನೇ ಬುದ್ಧಿ. ಗಂಡನಿಗೆ ಕೈ ಆಗೋದಿಲ್ಲ."

"ನಿನಗೆ ಆಗ್ತದಾ?"

"ಆಗದಿದ್ರೆ ಬಸ್ಸು ಯಾಕೆ ಹತ್ತಲಿ?"

ಅವರಿಗೆ ನಗು ಬಂತೋ ಸಿಟ್ಟು ಬಂತೋ ತಿಳಿಯಲಿಲ್ಲ. ಕಾರಿನ ಶೆಡ್ಡಿಗೆ ಕರೆದುಕೊಂಡು ಹೋದರು. ಕಪ್ಪು ಕಾರು, ಹೊಸದು. ಚಕ್ರಗಳಿಗೆ ಕೆನೆಬಣ್ಣ, ಅದರ ಮೇಲೆ ಕೆಂಪು ಗೆರೆ. ಬಲಗಡೆಯವು ಕನ್ನಡಿಯ ಹಾಗಿದ್ದವು. ಎಡಗಡೆಯ ಎರಡನ್ನೂ ನಾಯಿ ಕಡಿದ ಹಾಗಿತ್ತು. ಸಾಹುಕಾರರು ಡ್ರೈವರನ್ನು ಬಿಡಿಸಿ ತಾವೇ ಓಡಿಸಲು ಕಲಿತಿದ್ದರು. ಮಡಿಕೇರಿ ಪೇಟೆಯಲ್ಲಿ ಚರಂಡಿಯ ಪಕ್ಕ ಕಲ್ಲು ಕಟ್ಟಿದ್ದಾರಲ್ಲ, ಚಕ್ರ ಅದಕ್ಕೆ ತಾಗಿ ಕಿರ್ ಎಂದರೆ ಕಾರು ಸರಿಯಾಗಿ ನಿಂತಿತು ಎಂದು ಅವರ ಲೆಕ್ಕ.

"ಗೋಣಿಕೊಪ್ಪಲಿಗೇ ತರಬಹುದಿತ್ತು ಬುದ್ಧಿ," ಎಂದೆ.

"ಈ ಚಕ್ರ ಹಾಕಿಕೊಂಡು ವೀರಾಜಪೇಟೆ ಪೇಟೆಯೊಳಗೆ ಬರಬೇಕಾ ನಾನು?" ಎಂದರು. "ಕೈಲು ಮುಹೂರ್ತದ ಹಬ್ಬ ಬರ್ತಾ ಉಂಟು. ಮನೆಯವರೆಲ್ಲ ಸೇರ್ತಾರೆ. ಕೋವಿಯ ಜೊತೆ ಕಾರಿಗೂ ಪೂಜೆ. ಅಷ್ಟರಲ್ಲಿ ಆಗಬೇಕು. ಎಡ ಯಾವುದು ಬಲ ಯಾವುದು ಗೊತ್ತಾಗಬಾರದು."

ಇದ್ದದ್ದು ಇಷ್ಟು. ಗೊತ್ತಾದರೆ ಅಣ್ಣನ ಮನೆ, ಗೊತ್ತಾಗದಿದ್ದರೆ ಕೋಣೆ ಉಳಿಯಿತು.

ಕಾರಿನ ಎಡಗಡೆಯನ್ನು ಜಾಕಿ ಹಾಕಿ ಎತ್ತಿಸಿದೆ. ಒಂದೇ ಜಾಕಿ ಇತ್ತು, ಹಿಂದಕ್ಕೆ ಮರದ ದಿಮ್ಮಿ ಕೊಟ್ಟರು. ನಡುವಿನ ಹೊಳೆಯುವ ಮುಚ್ಚಳ ತೆಗೆದೆ. ಮುಳ್ಳುಗಳನ್ನು ಅರದಿಂದ ಒಂದೇ ದಿಕ್ಕಿಗೆ ತೀಡಿದೆ. ಹಿಂದೆ ಮುಂದೆ ಎಳೆದರೆ ಅಂಚು ಅಲೆಅಲೆಯಾಗುತ್ತದೆ. ಗೀರಿನ ಅಕ್ಕಪಕ್ಕದ ಬಣ್ಣ ಸಡಿಲಾಗಿರುತ್ತದೆ, ಅದನ್ನು ಗಟ್ಟಿ ಬಣ್ಣ ಸಿಗುವವರೆಗೆ ಕತ್ತಿಯಿಂದ ಕೆರೆದು ತೆಗೆದೆ. ಸಂಜೆಯ ಹೊತ್ತಿಗೆ ಎರಡು ಚಕ್ರದಲ್ಲೂ ಅಗಲಕ್ಕೆ ಬರಿ ಕಬ್ಬಿಣ ಕಾಣುತ್ತಿತ್ತು. ಆಗಲೇ ಅಡಿಬಣ್ಣ ಕೊಡಬೇಕಿತ್ತು. ಆದರೆ ಮಂಜು ಶೆಡ್ಡಿನೊಳಗೇ ಬಂದಿತ್ತು, ಕಬ್ಬಿಣ ಮುಟ್ಟಿದರೆ ಒದ್ದೆ. ಒದ್ದೆ ಕಬ್ಬಿಣದ ಮೇಲೆ ಬಣ್ಣ ಕೊಟ್ಟರೆ ಒಳಗಿನಿಂದ ತುಕ್ಕು ಏಳುತ್ತದೆ. ಬೆಳಗ್ಗೆ ಒರೆಸಿ ಕೊಡೋಣವೆಂದು ಬಿಟ್ಟೆ.

ಮಲಗಲು ಕಾಫಿ ಗೋದಾಮಿನ ಪಕ್ಕದ ಕೋಣೆ ಕೊಟ್ಟಿದ್ದರು. ಊಟಕ್ಕೆ ಕೊರತೆ ಮಾಡಲಿಲ್ಲ, ಬಾಳೆಲೆಯ ತುಂಬ ಬರುತ್ತಿತ್ತು. ಸಾಹುಕಾರರ ಹೆಂಡತಿ ಒಂದು ಸಲ ತಾವೇ ಬಂದು "ಮಕ್ಕಳೆಷ್ಟು?" ಎಂದು ಕೇಳಿದರು. "ಇಲ್ಲ" ಎಂದೆ. ಅವರು ಎಲೆಗೆ ಇನ್ನೊಂದು ಸೌಟು ಅನ್ನ ಹಾಕಿಸಿ ಒಳಗೆ ಹೋದರು. ಮನೆಯೊಳಗೆ ಕೊಡವ ಮಾತು, ಕೂಲಿಯವರ ಲೈನಿನಲ್ಲಿ ತಮಿಳು, ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಮಲೆಯಾಳದವನು. ಭಾಷೆ ಬರುವುದಿಲ್ಲ ಎನ್ನುವುದು ದೊಡ್ಡದಲ್ಲ, ಗೋಣಿಕೊಪ್ಪಲಿನಲ್ಲೂ ಹಾಗೆಯೇ. ಇಲ್ಲಿ ನನ್ನನ್ನು ಯಾರ ಜೊತೆ ಕೂರಿಸಬೇಕೆಂದೇ ಯಾರಿಗೂ ತಿಳಿಯಲಿಲ್ಲ. ಹೆಂಗಸರು ನನ್ನನ್ನು ಕೆಲಸದಾಳು ಎಂದು ದೂರ ನಿಂತರು, ಕೆಲಸದಾಳುಗಳು ಹೆಂಗಸು ಎಂದು ದೂರ ನಿಂತರು. ಕಾರಿನ ಪಕ್ಕ ಚಕ್ಕಳಬಕ್ಕಳ ಕೂತು ಒಬ್ಬಳೇ ಉಣ್ಣುತ್ತಿದ್ದೆ. ಮಾತಾಡದೆ ಇದ್ದೂ ಇದ್ದೂ, ಬೆಳಗ್ಗೆ ಬಾಯಿ ತೆರೆದರೆ ನನ್ನ ದನಿಯೇ ಗೊಗ್ಗರಾಗಿ ಬಂತು.

ಬೆಳಗ್ಗೆ ಬಟ್ಟೆಯಿಂದ ಒರೆಸಿ, ಕೆಂಪು ಸೀಸದ ಅಡಿಬಣ್ಣ ಕೊಟ್ಟೆ. ಅದು ಒಂದೇ ಸಮ ಹರಡಲಿಲ್ಲ, ಅಲ್ಲಲ್ಲಿ ಕಣ್ಣು ಕಣ್ಣಾಗಿ ಸರಿಯಿತು. ಚಳಿಗೆ ಹಾಗಾಯಿತು ಎಂದುಕೊಂಡು ಇನ್ನೊಂದು ಕೈ ಕೊಟ್ಟೆ. ಮಾರನೆಯ ದಿನ ಪುಟ್ಟಿ ಹಾಕಿ, ಅದು ಗಟ್ಟಿಯಾದ ಮೇಲೆ ಉಪ್ಪುಕಾಗದ ಹಿಡಿದೆ. ಹಿಡಿದದ್ದೇ ತಡ, ಪುಟ್ಟಿ ಬಣ್ಣ ಎಲ್ಲ ಸೇರಿ ಬಾಳೆಹಣ್ಣಿನ ಸಿಪ್ಪೆಯ ಹಾಗೆ ಎದ್ದುಬಂತು. ಕೆಳಗೆ ಕಬ್ಬಿಣ ಹೊಸದಾಗಿ ಹೊಳೆಯುತ್ತಿತ್ತು. ಮುಟ್ಟಿ ಮೂಸಿ ನೋಡಿದೆ. ಎಣ್ಣೆ.

ಶೆಡ್ಡಿನ ಇನ್ನೊಂದು ಮೂಲೆಯಲ್ಲಿ ಆ ಮನೆಯ ಹಿರಿಯಜ್ಜ ಕೋವಿಗಳನ್ನು ಬಿಚ್ಚಿ ಶುಚಿ ಮಾಡುತ್ತಿದ್ದರು. ಸಾಹುಕಾರರಿಗೆ ದೊಡ್ಡಪ್ಪ ಆಗಬೇಕು. ದಿನವೂ ಅಲ್ಲೇ ಕೂರುತ್ತಿದ್ದರು, ನನ್ನ ಕಡೆ ನೋಡುತ್ತಿದ್ದರು, ಮಾತು ಮಾತ್ರ ಇಲ್ಲ. ನಾನೇ ಹೋಗಿ ಎಣ್ಣೆ ಹತ್ತಿದ ಬೆರಳು ತೋರಿಸಿದೆ.

"ಅಜ್ಜಾ, ಚಕ್ರಕ್ಕೆ ಯಾರು ಎಣ್ಣೆ ಹಚ್ಚಿದ್ದು?"

"ಮತ್ತೆ ಯಾರು? ನಾನು," ಎಂದರು. ಮುಖದಲ್ಲಿ ಒಂದು ಹಮ್ಮು ಬೇರೆ. "ನೀನು ಕಬ್ಬಿಣವನ್ನು ಬೆತ್ತಲೆ ಬಿಟ್ಟು ಮಲಗಲಿಕ್ಕೆ ಹೋದೆ. ಮಳೆಗಾಲ. ಈ ಮನೆಯಲ್ಲಿ ಹಾಗೆ ಬಿಡುವ ಕ್ರಮ ಇಲ್ಲ. ಕೋವಿಯ ಎಣ್ಣೆ, ಒಳ್ಳೇ ಎಣ್ಣೆ. ನಾನೇ ತೆಳ್ಳಗೆ ಒರೆಸಿಟ್ಟೆ."

"ಒಳ್ಳೇ ಎಣ್ಣೆಯೇ, ಅದಕ್ಕೇ ಬಿಡ್ತಾ ಇಲ್ಲ. ಎಣ್ಣೆ ಮೇಲೆ ಬಣ್ಣ ನಿಲ್ಲೋದಿಲ್ಲ ಅಜ್ಜಾ."

ಅವರು ಕೋವಿಯ ನಳಿಗೆ ಕೆಳಗಿಟ್ಟು, ಎದ್ದುಬಂದು ಚಕ್ರ ನೋಡಿದರು. ಸಿಪ್ಪೆಯನ್ನು ಉಗುರಿನಿಂದ ಎತ್ತಿ ನೋಡಿದರು. "ಕೋವಿಗೆ ಯಾರೂ ಬಣ್ಣ ಬಳಿಯೋದಿಲ್ಲ," ಎಂದು ತಮಗೆ ತಾವೇ ಹೇಳಿಕೊಂಡರು. ಬೈಯಲು ಹೊರಟವಳು ಅವರ ಕೈ ನೋಡಿದೆ. ಕಬ್ಬಿಣ ಕಂಡರೆ ಎಣ್ಣೆ ಹಚ್ಚುವ ಕೈ ಅದು. ನನ್ನ ಕೈಗಾದರೆ ಕಬ್ಬಿಣ ಕಂಡ ಕೂಡಲೇ ಉಜ್ಜಬೇಕೆನಿಸುತ್ತದೆ.

ಸಾಹುಕಾರರು ಬಂದರು. ನೋಡಿ, ದನಿ ಏರಿಸಿದರು. ಆಮೇಲೆ ಅವರೇ ದಾರಿಯನ್ನೂ ಹೇಳಿದರು: "ಎದ್ದ ಕಡೆ ಅಂಟಿಸಿ, ಮೇಲೆ ದಪ್ಪಗೆ ಬಳಿದುಬಿಡು. ಪೂಜೆ ದಿನ ಚಂದ ಕಂಡರೆ ಸಾಕು."

"ಆಮೇಲೆ ಉದುರ್ತದೆ ಬುದ್ಧಿ."

"ಆಮೇಲೆ ನಾನು ನೋಡಿಕೊಳ್ತೇನೆ. ಹಬ್ಬಕ್ಕೆ ಆಗದಿದ್ದರೆ ನಿನ್ನ ಮೇಸ್ತ್ರಿಗೆ ಹೇಳುವ ಮಾತು ಬೇರೆ ಇರ್ತದೆ."

ಅವರು ಹೋದ ಮೇಲೆ ಚಕ್ರದ ಮುಂದೆ ಕೂತೆ. ದಪ್ಪಗೆ ಬಳಿದರೆ ಹಬ್ಬಕ್ಕೆ ಖಂಡಿತ ಆಗುತ್ತಿತ್ತು. ಸಾಹುಕಾರರು ಒಪ್ಪುತ್ತಿದ್ದರು, ಕೋಣೆ ಉಳಿಯುತ್ತಿತ್ತು. ಸ್ವಲ್ಪ ದಿನಕ್ಕೆ ಬಣ್ಣ ಎದ್ದಾಗ, ಹೆಂಗಸು ಮಾಡಿದ ಕೆಲಸ ಎಂದು ಪೇಟೆಯಲ್ಲೆಲ್ಲ ಹೇಳುತ್ತಿದ್ದರು. ಆಗ ಮೈಸೂರಿನವನು ಬಂದೇ ಬರುತ್ತಿದ್ದ. ಮತ್ತೆ ಮೊದಲಿನಿಂದ ಮಾಡಿದರೆ ಹಬ್ಬಕ್ಕೆ ಮುಗಿಯುವುದು ಖಾತರಿ ಇಲ್ಲ. ಯಾರನ್ನಾದರೂ ಕೇಳೋಣವೆಂದರೆ ಯಾರೂ ಇಲ್ಲ. ಗಂಡ ಇದ್ದಿದ್ದರೆ ಏನು ಮಾಡುತ್ತಿದ್ದ ಎಂದು ಯೋಚಿಸಿದೆ. ಅವನು ಬೀಡಿ ಹಚ್ಚಿ, "ಕೆರೆಯೇ" ಎನ್ನುತ್ತಿದ್ದ. ಕೆರೆಯುವುದು ಅವನಲ್ಲವಲ್ಲ.

ಕೆರೆಯಲು ಕೂತೆ. ಚೀಲಕ್ಕೆ ಕೈ ಹಾಕಿದರೆ ಕತ್ತಿಯೂ ಇಲ್ಲ, ಅರವೂ ಇಲ್ಲ.

ಅಜ್ಜನನ್ನೇ ಕೇಳಿದೆ. ದೇವರ ಕೋಣೆಗೆ ಹೋಗಿವೆ ಎಂದರು. ಆ ಮನೆಯ ಕ್ರಮ ಹಾಗೆ. ಹಬ್ಬಕ್ಕೆ ಮುಂಚೆ ಕೋವಿ, ಒಡಿಕತ್ತಿ, ಗುದ್ದಲಿ, ಕಾಫಿ ಗಿಡ ಸವರುವ ಕತ್ತಿ, ಮನೆಯ ಎಲ್ಲೆಯೊಳಗಿನ ಕಬ್ಬಿಣದ ಹತ್ಯಾರವೆಲ್ಲ ತೊಳೆದು ದೇವರ ಮುಂದೆ ಇಡಬೇಕು. ಪೂಜೆ ಆಗುವ ತನಕ ಒಬ್ಬರೂ ಮುಟ್ಟುವ ಹಾಗಿಲ್ಲ.

"ಅವು ನಿಮ್ಮ ಮನೆಯವಲ್ಲ ಅಜ್ಜಾ, ನನ್ನವು."

"ಈ ಮನೆಯಲ್ಲಿ ಕೆಲಸ ಮಾಡಿವೆಯಲ್ಲಾ?"

"ಹಾಗಾದ್ರೆ ಆ ಜಾಕಿ?"

ಅಜ್ಜ ಜಾಕಿಯ ಕಡೆ ನೋಡಿದರು. ಕಾರು ಅದರ ಮೇಲೆ ನಿಂತಿತ್ತು. "ಅದು ಹೊರ್ತಾ ಉಂಟು. ಹೊರುವವನನ್ನು ಎಬ್ಬಿಸಬಾರದು," ಎಂದರು. ಆಮೇಲೆ ನನ್ನ ಬ್ರಷ್ಷುಗಳನ್ನು ಒಂದೊಂದಾಗಿ ಎತ್ತಿ ತಿರುಗಿಸಿ ನೋಡಿ, ತಗಡಿನ ಪಟ್ಟಿ ಇದ್ದದ್ದಕ್ಕೆ "ತಗಡು ಅಡ್ಡಿಯಿಲ್ಲ" ಎಂದು ಮರಳಿ ಕೊಟ್ಟರು. ಜಗಳಕ್ಕೆ ನನ್ನಲ್ಲಿ ಉಸಿರಿರಲಿಲ್ಲ. ಇನ್ನೊಬ್ಬರ ಮನೆಯ ದೇವರ ಕೋಣೆಗೆ ನುಗ್ಗುವುದಕ್ಕೂ ಆಗುವುದಿಲ್ಲ.

ಕಬ್ಬಿಣವಿಲ್ಲದೆ ಕಬ್ಬಿಣವನ್ನು ಕೆರೆಯಬೇಕಾಯಿತು. ತೆಂಗಿನ ಚಿಪ್ಪು ನೋಡಿದೆ, ಜಾರಿತು. ಬಿದಿರಿನ ಸೀಳು ನೋಡಿದೆ, ಪುಟ್ಟಿ ಹೋಯಿತು, ಎಣ್ಣೆ ಕುಡಿದ ಬಣ್ಣ ಮೂಲೆಗಳಲ್ಲಿ ಉಳಿಯಿತು. ಶೆಡ್ಡಿನ ಹಿಂದೆ ಬಾಟಲಿಗಳ ರಾಶಿ ಇತ್ತು. ಆ ಮನೆಯಲ್ಲಿ ಬ್ರಾಂದಿಗೆ ಬರವಿರಲಿಲ್ಲ. ಒಂದನ್ನು ಗೋಣಿಯಲ್ಲಿ ಸುತ್ತಿ ಕಲ್ಲಿನ ಮೇಲೆ ಕುಟ್ಟಿದೆ. ಚಪ್ಪಟೆ ಚೂರಿಗಿಂತ ಬಾಗಿದ ಚೂರು ಒಳ್ಳೆಯದಾಯಿತು. ಬಾಟಲಿಯ ಹೊಟ್ಟೆಯ ಬಾಗು ರಿಮ್ಮಿನ ಒಳಬಾಗಿಗೆ ಸರಿಯಾಗಿ ಕೂತಿತು. ಬಟ್ಟೆ ಸುತ್ತಿ ಹಿಡಿದು ಎಳೆದರೆ ಬಣ್ಣ ತೆಳ್ಳಗೆ ಸುರುಳಿಯಾಗಿ ಬಂತು. ಗಾಜು ಬೇಗ ಮೊಂಡಾಗುತ್ತದೆ, ಆಗ ಇನ್ನೊಂದು ಚೂರು. ಬೆರಳು ಕೊಯ್ದಾಗ ಅರಿಶಿನ ಮೆತ್ತಿ ಬಟ್ಟೆ ಕಟ್ಟಿದೆ, ಬಣ್ಣಕ್ಕೆ ರಕ್ತ ತಾಗಬಾರದಲ್ಲ.

ಎಣ್ಣೆ ತೆಗೆಯಲು ಮೊದಲು ಟರ್ಪೆಂಟೈನ್. ಅದು ಎಣ್ಣೆಯನ್ನು ಕರಗಿಸುತ್ತದೆ, ಆದರೆ ಹರಡಿಬಿಡುತ್ತದೆ. ಹಾಗಾಗಿ ಪ್ರತಿ ಸಲ ಹೊಸ ಬಟ್ಟೆ. ಆಮೇಲೆ ಅಂಟುವಾಳದ ನೊರೆಗೆ ಒಲೆಯ ಬೂದಿ ಸೇರಿಸಿ ತೆಂಗಿನ ನಾರಿನಲ್ಲಿ ಉಜ್ಜಿದೆ. ಬಿಸಿನೀರು ಹೊಯ್ದೆ. ನೀರು ಹನಿಹನಿಯಾಗಿ ಉರುಳಿದರೆ ಎಣ್ಣೆ ಇನ್ನೂ ಇದೆ, ಹಾಳೆಯ ಹಾಗೆ ಒಂದೇ ಸಮ ಹರಿದರೆ ಹೋಗಿದೆ. ಅಂಚಿನ ಬುಡದಲ್ಲಿ ಎಷ್ಟು ಸಲ ತೊಳೆದರೂ ಉರುಳುತ್ತಿತ್ತು. ಅದೂ ಹರಿಯುವ ತನಕ ಬಿಡಲಿಲ್ಲ. ಈ ಸಲ ಮಂಜು ಕರಗಲೆಂದು ಕಾಯಲಿಲ್ಲ. ಅಡುಗೆಮನೆಯ ಒಲೆಯಲ್ಲಿ ಇಟ್ಟಿಗೆ ಕಾಯಿಸಿ ತಂದು ಚಕ್ರದ ಸುತ್ತ ನಿಲ್ಲಿಸಿದೆ, ಮೇಲೆ ಕಂಬಳಿಯ ಗುಡಾರ ಮಾಡಿದೆ. ಕಾರಿನ ಹತ್ತಿರ ಕೆಂಡ ತರುವ ಹಾಗಿಲ್ಲ, ಪೆಟ್ರೋಲು. ಕಬ್ಬಿಣ ಅಂಗೈಗೆ ಬೆಚ್ಚಗೆ ಹತ್ತಿದಾಗ ಅಡಿಬಣ್ಣ ಕೊಟ್ಟೆ. ಕಣ್ಣು ಬೀಳದೆ ಕೂತಿತು.

ಅಜ್ಜ ದೂರದಲ್ಲಿ ನಿಂತು ನೋಡುತ್ತಿದ್ದರು. ಕೈಯಲ್ಲಿ ಎಣ್ಣೆಬಟ್ಟೆ ಇತ್ತು.

"ಹತ್ತಿರ ಬರಬೇಡಿ ಅಜ್ಜಾ," ಎಂದೆ.

"ನಾನು ಎಂತ ಮಾಡ್ತೇನೆ? ನೋಡ್ತಾ ಇದ್ದೇನೆ," ಎಂದು ಬಟ್ಟೆಯನ್ನು ಬೆನ್ನ ಹಿಂದೆ ಹಿಡಿದರು.

ಅಡಿಬಣ್ಣ ಒಣಗಿದ ಮೇಲೆ ಪುಟ್ಟಿ ತುಂಬಿ ಉಜ್ಜಿದೆ, ಈ ಸಲ ಸಿಪ್ಪೆ ಏಳಲಿಲ್ಲ. ಕೆನೆಬಣ್ಣ ಹೊಂದಿಸುವುದು ಇನ್ನೊಂದು ಕಾಟ. ಡಬ್ಬಿಯ ಬಣ್ಣ ಬೆಳ್ಳಗೆ, ಕಾರಿನದು ಹೊಸದಾದರೂ ಒಂದು ಬೇಸಿಗೆಯ ಬಿಸಿಲಿಗೆ ಮಾಗಿದ್ದು. ಅದಕ್ಕೆ ಚೂರು ಹಳದಿ ಮಣ್ಣು ಬೆರೆಸಿದೆ, ಕಪ್ಪಿನಲ್ಲಿ ಅದ್ದಿದ ಕಡ್ಡಿಯ ತುದಿ ಆಡಿಸಿದೆ. ಬಣ್ಣ ಹಸಿಯಲ್ಲಿ ಒಂದು, ಒಣಗಿದರೆ ಇನ್ನೊಂದು. ಬಾಳೆಲೆಗೆ ಹಚ್ಚಿ ನೋಡಿದರೆ ಎಲೆಯ ಹಸಿರು ಮೋಸ ಮಾಡುತ್ತದೆ. ಡಬ್ಬಿಯ ಮುಚ್ಚಳಕ್ಕೆ ಹಚ್ಚಿ, ಒಣಗಿಸಿ, ಅಂಗಳದ ಬೆಳಕಿನಲ್ಲಿ ಹಿಡಿದು ಬಲಗಡೆಯ ಚಕ್ರಕ್ಕೆ ಹೋಲಿಸಿದೆ. ಮುಚ್ಚಳದ ತುಂಬ ಮಚ್ಚೆಗಳಾದ ಮೇಲೆ ಸರಿಯಾದದ್ದು ಬಂತು. ಬಣ್ಣಕ್ಕೆಂದೇ ಇರುವ ಬೇಗ ಒಣಗುವ ಎಣ್ಣೆ ಬೆರೆಸಿ ತೆಳ್ಳಗೆ ಎರಡು ಕೈ ಕೊಟ್ಟೆ. ಇಟ್ಟಿಗೆ ಹೊತ್ತೂ ಹೊತ್ತೂ ಸೊಂಟ ಹೋಯಿತು. ಇನ್ನು ಗೆರೆಯೊಂದು ಬಾಕಿ.

ಗಂಡ ಗೆರೆ ಎಳೆಯುವಾಗ ಉಸಿರು ಬಿಗಿಹಿಡಿದು, ಮಂಡಿಯೂರಿ, ಕೈಯನ್ನು ಚಕ್ರದ ಸುತ್ತ ತರುತ್ತಿದ್ದ. ಆ ಕೈ ನನಗಿಲ್ಲ ಎನ್ನುವುದು ನನಗೆ ಗೊತ್ತು. ಸುಣ್ಣದ ನೀರಿನಲ್ಲಿ ಬ್ರಷ್ಷು ಅದ್ದಿ ಅವನ ಹಾಗೆಯೇ ಎಳೆದು ನೋಡಿದೆ. ಎರೆಹುಳ ಹರಿದ ಹಾಗಾಯಿತು. ಒರೆಸಿದೆ. ಮತ್ತೆ ಎಳೆದೆ, ಮತ್ತೆ ಹುಳ. ಆಮೇಲೆ ಹೊಳೆಯಿತು, ಚಕ್ರ ಗಾಳಿಯಲ್ಲಿ ನಿಂತಿದೆ, ತಿರುಗುವುದು ಅದರ ಕೆಲಸ. ನಾನು ಯಾಕೆ ಅದನ್ನು ಸುತ್ತಬೇಕು? ಮಣೆಗಳನ್ನು ಒಂದರ ಮೇಲೊಂದು ಪೇರಿಸಿ ಬಲ ಮೊಳಕೈ ಊರಿದೆ. ಬ್ರಷ್ಷಿನ ತುದಿ ರಿಮ್ಮಿಗೆ ಮುಟ್ಟಿ ಮುಟ್ಟದ ಹಾಗೆ ಹಿಡಿದು ಕೈ ಕಲ್ಲು ಮಾಡಿಕೊಂಡೆ. ಎಡಗೈಯಿಂದ ಟಯರನ್ನು ಮೆಲ್ಲಗೆ ತಿರುಗಿಸಿದೆ. ಸುಣ್ಣದ ಗೆರೆ ಹೊರಟು, ಸುತ್ತಿ ಬಂದು, ತನ್ನ ತಲೆಗೆ ತಾನೇ ಸೇರಿಕೊಂಡಿತು.

ಕೆಂಪು ಹಾಕುವಾಗ ಮುಂದಿನ ಚಕ್ರ ಸಲೀಸಾಗಿ ಬಂತು. ಹಿಂದಿನದು ಬಿಗಿ, ನಡುವೆ ಒಂದು ಕಡೆ ಜಗ್ಗಿತು. ಕೈ ಎತ್ತಲಿಲ್ಲ. ಎತ್ತಿದರೆ ಗಂಟು ಬೀಳುತ್ತಿತ್ತು. ಚಕ್ರ ನಿಂತಾಗ ನಾನೂ ನಿಂತೆ, ಹೊರಟಾಗ ಹೊರಟೆ. ಮುಗಿದಾಗ ಆ ಕೈಯನ್ನು ಮಣೆಯ ಮೇಲಿಂದ ತೆಗೆಯಲು ಎಡಗೈ ಬೇಕಾಯಿತು. ಶೆಡ್ಡಿನಲ್ಲಿ ಯಾರೂ ಇರಲಿಲ್ಲ. ನೋಡಿ ಎಂದು ಹೇಳೋಣವೆಂದರೆ ಅಜ್ಜ ಕೂಡ ಹಬ್ಬದ ಗಡಿಬಿಡಿಗೆ ಒಳಗೆ ಹೋಗಿದ್ದರು.

ಹಬ್ಬದ ಬೆಳಗ್ಗೆ ಸಾಹುಕಾರರು ಬಂದರು. ಕಾರನ್ನು ಇಳಿಸಿ ಅಂಗಳಕ್ಕೆ ತಂದಿದ್ದರು. ಬಲಗಡೆ ನೋಡಿದರು, ಎಡಗಡೆ ನೋಡಿದರು, ಮತ್ತೆ ಬಲಗಡೆಗೆ ಹೋದರು. ಕೂತು, ಉಗುರಿನಿಂದ ಎಡಚಕ್ರದ ಅಂಚನ್ನು ಕೆರೆದರು. ಏನೂ ಏಳಲಿಲ್ಲ.

"ನಿನ್ನ ಗಂಡನನ್ನು ಯಾವಾಗ ಕರೆಸಿದೆ?"

"ಅವನು ಬಂದಿಲ್ಲ."

"ಮತ್ತೆ ಗೆರೆ?"

"ನಾನು."

ಅವರು ಎದ್ದು ಕೈ ಒರೆಸಿಕೊಂಡರು. "ನಿನ್ನ ಮೇಸ್ತ್ರಿಗೆ ಹೇಳು, ಇನ್ನು ನಿನ್ನನ್ನೇ ಕಳಿಸಲಿ. ಮಡಿಕೇರಿಯ ಕಲ್ಲು ಎಲ್ಲಿಗೂ ಹೋಗೋದಿಲ್ಲ, ನಾನು ಕಾರು ಬಿಡೋದೂ ನಿಲ್ಲಿಸೋದಿಲ್ಲ."

ಊಟ ಮಾಡಿಕೊಂಡು ಹೋಗು ಎಂದರು. ಪೂಜೆ ಆಗಿ ನನ್ನ ಹತ್ಯಾರ ಕೈಗೆ ಬಂದ ಕೂಡಲೇ ಹೊರಟೆ. ಬಸ್ಸಿನಲ್ಲಿ ನಾನು, ಡ್ರೈವರು, ಕಂಡಕ್ಟರು. ಕೊಡವರೆಲ್ಲ ಅವರವರ ಮನೆಯಲ್ಲಿದ್ದರು. ತೆಂಗಿನಕಾಯಿಗೆ ಗುರಿಯಿಟ್ಟು ಕೋವಿ ಹೊಡೆಯುವ ಸದ್ದು ಗದ್ದೆಗಳ ಆಚೆಯಿಂದ ದಾರಿಯುದ್ದಕ್ಕೂ ಕೇಳುತ್ತಿತ್ತು.

ಮೇಸ್ತ್ರಿಗೆ ಸಾಹುಕಾರರ ಮಾತು ಹೇಳಿದೆ. "ಪರವಾಗಿಲ್ಲಮ್ಮಾ ನೀನು," ಎಂದ. ಮೈಸೂರಿನವನಿಗೆ ಬೇಡ ಎಂದು ಅವತ್ತೇ ಹೇಳಿ ಕಳಿಸಿದ. ಕೋಣೆ ನಮಗೇ ಉಳಿಯಿತು.

ಗಂಡ ಗೋಡೆಗೆ ಒರಗಿ ಕೂತಿದ್ದ. ಅನ್ನ ಮಾಡಿ, ಉಣಿಸಲು ಕೂತೆ. ಎಣ್ಣೆಯ ವಿಷಯ ಹೇಳಿದೆ, ಬಾಟಲಿಯ ವಿಷಯ ಹೇಳಿದೆ. ಅಜ್ಜನ ಮಾತಿಗೆ ನಕ್ಕ. ಆಮೇಲೆ ಕೇಳಿದ:

"ಗೆರೆ ಎಳೆದ್ಯಾ?"

"ಎಳೆದೆ."

"ಕೈ ನಡುಗಲಿಲ್ವಾ?"

ನಡುಗಿತು ಎಂದಿದ್ದರೆ ಅವನು, ಹಾಗಲ್ಲ ಹೀಗೆ ಹಿಡಿಯಬೇಕು ಎಂದು ಹೇಳಲು ಶುರು ಮಾಡುತ್ತಿದ್ದ. ಅವನ ಮುಖ ನೋಡಿದರೆ ಅದಕ್ಕೇ ಕಾಯುತ್ತಿದ್ದ ಎಂದು ಗೊತ್ತಾಗುತ್ತಿತ್ತು. ಆದರೆ ನಡುಗಿರಲಿಲ್ಲ.

"ಇಲ್ಲ," ಎಂದೆ.

ನಾನು ಬಾಯಿಗೆ ತಂದ ತುತ್ತನ್ನು ಬೇಡವೆಂದು ಅವನು ಮುಖ ಪಕ್ಕಕ್ಕೆ ತಿರುಗಿಸಿದ. ಬಲವಂತ ಮಾಡಲಿಲ್ಲ. ಉಳಿದ ಅನ್ನವನ್ನು ನಾನೇ ಉಂಡೆ. ಬೆಳಗ್ಗೆ ಶೆಡ್ಡಿನ ಮುಂದೆ ಒಂದು ಜೀಪು ಬಂದು ನಿಂತಿತು. ಸದ್ದು ಕೇಳಿಯೂ ಯಾರದೆಂದು ಅವನು ಹೇಳಲಿಲ್ಲ. ನಾನೇ ಎದ್ದು ಹೋಗಿ ನೋಡಿದೆ.